ಕೆಲಸ ಹುಡುಕುವ ಮಕ್ಕಳಿಗೂ ಅವರ ಮನೆಯವರಿಗೂ
(ಸಂಘದ ರಜತ ಮಹೋತ್ಸವದ ಅಂಗವಾಗಿ ಕ್ಯಾಸಂಬಳ್ಳಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಸಾಧನೆಯನ್ನು ಕಾರ್ಯದರ್ಶಿಗಳು ಆಗಲೇ ವರದಿಯಲ್ಲಿ ಓದಿದ್ದಾರೆ. ಅದನ್ನೇ ನಾವು ಇನ್ನೊಂದು ಸಲ ಹೇಳಿದರೆ ಹಿಂದೆ ನಿಂತಿರುವ ಹುಡುಗರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ ಅನ್ನುವುದು ನಮಗೆ ಗೊತ್ತು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ ಅಷ್ಟಾದರೂ ತಿಳಿಯದಿದ್ದರೆ ಹೇಗೆ? ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ. ಓದು ಮುಗಿಸಿ ಕೆಲಸ ಸಿಗದೆ ಮನೆಯಲ್ಲಿರುವ ಮಕ್ಕಳು ಈಗ ನಮ್ಮ ಹೋಬಳಿಯ ಯಾವ ಬೀದಿಯಲ್ಲಿ ಇಲ್ಲ? ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರೆಲ್ಲಾ "ಏನಪ್ಪಾ, ಇನ್ನೂ ಕೆಲಸ ಆಗಲಿಲ್ವಾ?" ಅನ್ನುತ್ತಾರೆ. ಕೇಳುವವರಿಗೆ ಅದು ಬಾಯಿಮಾತು. ಕೇಳಿಸಿಕೊಳ್ಳುವ ಹುಡುಗನಿಗೆ ಅದು ದಿನಕ್ಕೆ ನಾಲ್ಕು ಸಲ ಬೀಳುವ ಏಟು. ಆ ಏಟಿಗೆ ಹೆದರಿ ಮದುವೆ ಮನೆಗೂ ಬರದೆ ಉಳಿದ ಮಕ್ಕಳನ್ನು ನಾವು ನೋಡಿದ್ದೇವೆ.

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿತು. ಪಕ್ಕದ ಚಿನ್ನದ ಗಣಿ ಮುಚ್ಚಿಯೂ ಹೆಚ್ಚುಕಡಿಮೆ ಅಷ್ಟೇ ಕಾಲವಾಯಿತು. ಕೆಲಸದ ಬಗ್ಗೆ ಮಾತಾಡುವ ಈ ಸೀಮೆಯವರು ಆ ಗಣಿಯನ್ನು ಬಿಟ್ಟು ಮಾತಾಡುವ ಹಾಗಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಆ ಕಾಲಕ್ಕೆ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ಕರೆಂಟು ಬಂತು. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ನಮ್ಮ ಪಕ್ಕದ ಗಣಿಗೆ ಬಂತು. ಬೇತಮಂಗಲದ ಕೆರೆಯಿಂದ ನೀರು ಹೋಯಿತು. ಭೂಮಿಯ ಒಳಗೆ ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದರು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಯಾವ ಗಳಿಗೆಯಲ್ಲಿ ಬಂಡೆ ಸಿಡಿಯುತ್ತೋ ಯಾರಿಗೂ ಗೊತ್ತಿಲ್ಲ. ಧೂಳು ಕುಡಿದು ಎದೆ ಕೆಟ್ಟು ಸತ್ತವರ ಲೆಕ್ಕ ಬೇರೆ. ಆದರೂ ಅಪ್ಪ ಇಳಿದ, ಮಗನೂ ಇಳಿದ. ಏನು ಕೆಲಸ ಮಾಡಬೇಕು ಅನ್ನುವ ಪ್ರಶ್ನೆಯೇ ಆ ಮನೆಗಳಲ್ಲಿ ಹುಟ್ಟಲಿಲ್ಲ. ಹುಟ್ಟಿದ ಮಗುವಿಗೆ ಕೆಲಸ ಕಾದಿತ್ತು. ನಮ್ಮ ಹಳ್ಳಿಗಳೂ ಅಷ್ಟೇ: ಹಾಲು, ಸೊಪ್ಪು, ತರಕಾರಿ ಎಲ್ಲಾ ಆ ಕಡೆಗೇ ಮುಖ ಮಾಡಿದ್ದವು. ಗಣಿಯಲ್ಲಿ ಸಂಬಳದ ದಿನ ಬಂದರೆ ಇಲ್ಲಿ ನಮ್ಮ ಅಂಗಡಿಯ ಸಾಲ ತೀರುತ್ತಿತ್ತು.

1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. ಸರ್ಕಾರದ್ದು ಅಂದಮೇಲೆ ಇನ್ನೇನು ಭಯ ಎಂದುಕೊಂಡರು. 1992ರಲ್ಲಿ ಅದನ್ನು ರೋಗಗ್ರಸ್ತ ಕಂಪನಿಗಳ ಮಂಡಳಿಗೆ ಒಪ್ಪಿಸಿದರು. ಆಗಲೂ "ಎಲ್ಲೋ ಸರಿ ಮಾಡ್ತಾರೆ ಬಿಡಿ" ಅಂದರು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ನೂರಿಪ್ಪತ್ತು ವರ್ಷದ ಕೆಲಸ, ಒಂದು ದಿನದಲ್ಲಿ ಮುಗಿಯಿತು.

ಇದನ್ನು ಯಾಕೆ ಇಷ್ಟು ಹೇಳಿದೆವು ಅಂದರೆ, ಗಣಿ ಮುಚ್ಚಿದ ಮೇಲೆ ಯಾರು ಹೇಗೆ ಬದುಕಿದರು ಎಂಬುದನ್ನು ನಾವು ಇಲ್ಲೇ ಕೂತು ಕಣ್ಣಾರೆ ಕಂಡಿದ್ದೇವೆ. ವರ್ಕ್‌ಶಾಪಿನಲ್ಲಿದ್ದ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳು ಕೆಲವು ತಿಂಗಳು ಒದ್ದಾಡಿದರು, ಆಮೇಲೆ ಎಲ್ಲೋ ಒಂದು ಕಡೆ ಹತ್ತಿಕೊಂಡರು. ಬೆಂಗಳೂರಿನ ಸಣ್ಣ ಕಾರ್ಖಾನೆಯಾದರೂ ಸರಿ, ಮನೆ ಮುಂದೆ ಗ್ರಿಲ್ ಮಾಡುವ ಶೆಡ್ಡಾದರೂ ಸರಿ. ಬರೀ ಪಾತಾಳದ ಕೆಲಸ ಗೊತ್ತಿದ್ದವರ ಪಾಡು ಬೇರೆ ಆಯಿತು. ಅವರ ದುಡಿಮೆ ಕಡಿಮೆಯದಲ್ಲ, ಧೈರ್ಯವಂತೂ ಎಲ್ಲರಿಗಿಂತ ಹೆಚ್ಚಿನದು. ಆದರೆ ಆ ಕೈಚಳಕಕ್ಕೆ ನೆಲದ ಮೇಲೆ ಗಿರಾಕಿ ಇರಲಿಲ್ಲ. ಐವತ್ತು ವರ್ಷದ ಮನುಷ್ಯ ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಬಟ್ಟೆ ಹಾಕಿಕೊಂಡು ನಿಂತ. ಬೆಳಿಗ್ಗೆ ಕತ್ತಲೆಯಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲು ಅವರನ್ನೆಲ್ಲಾ ತುಂಬಿಕೊಂಡು ಹೋಗುತ್ತಿತ್ತು. ಈಗಲೂ ಹೋಗುತ್ತದೆ, ಅವರ ಮಕ್ಕಳು ಹೋಗುತ್ತಾರೆ, ನಮ್ಮ ಮಕ್ಕಳೂ ಹೋಗುತ್ತಾರೆ.

ಹುದ್ದೆ ಬೇರೆ, ಕಸುಬು ಬೇರೆ. ಹುದ್ದೆ ಅನ್ನುವುದು ಕೊಟ್ಟವರ ಹತ್ತಿರ ಇರುತ್ತೆ. ಅವರು ಬಾಗಿಲು ಹಾಕಿದರೆ ಹೋಯಿತು. ಕಸುಬು ನಮ್ಮ ಕೈಯಲ್ಲಿ ಇರುತ್ತೆ, ರೈಲು ಹತ್ತಿದರೆ ನಮ್ಮ ಜೊತೆಗೇ ಬರುತ್ತೆ. ಇಲ್ಲಿ ನಾವು ಮಕ್ಕಳಿಗೆ ಏನು ಹೇಳಿಕೊಡುತ್ತಿದ್ದೇವೆ? "ಯಾವುದಾದ್ರೂ ಒಂದು ಡಿಗ್ರಿ ಮಾಡ್ಕೋ, ಆಮೇಲೆ ನೋಡೋಣ." ಆ "ಆಮೇಲೆ" ಅನ್ನುವುದು ಯಾವಾಗ ಬರುತ್ತೆ? ಎಸ್.ಎಸ್.ಎಲ್.ಸಿ. ಆದಾಗ ಪಕ್ಕದ ಮನೆ ಹುಡುಗ ಯಾವ ಕಾಲೇಜಿಗೆ ಸೇರಿದ ಎಂದು ನೋಡುತ್ತೇವೆ. ನಮ್ಮ ಹುಡುಗನಿಗೆ ಮೋಟರು ಬಿಚ್ಚುವುದರಲ್ಲಿ ಆಸೆಯೋ, ಲೆಕ್ಕದಲ್ಲಿ ಆಸೆಯೋ, ನಾಲ್ಕು ಜನರ ಹತ್ತಿರ ಮಾತಾಡಿ ವ್ಯಾಪಾರ ಮಾಡುವುದರಲ್ಲೋ, ಅದನ್ನು ಕೇಳುವುದೇ ಇಲ್ಲ. ನಾವೂ ಕೇಳಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಕ್ಲಾಸಿನಲ್ಲಿ ಮಾರ್ಕ್ಸ್ ತೆಗೆದವನಿಗೆ ಸೈನ್ಸ್, ಉಳಿದವನಿಗೆ ಆರ್ಟ್ಸ್, ಫೇಲಾದವನಿಗೆ ಐ.ಟಿ.ಐ. ಎಂದು ಬರೆದುಕೊಟ್ಟ ಮೇಷ್ಟ್ರುಗಳಲ್ಲಿ ನಾವೂ ಒಬ್ಬರು. ಐ.ಟಿ.ಐ. ಅಂದರೆ ಫೇಲಾದವರ ಜಾಗ ಎಂಬ ಮಾತು ಊರಲ್ಲಿ ಹುಟ್ಟಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ.

ಈಗ ಹೇಳುತ್ತೇವೆ, ಕೇಳಿ. ಐ.ಟಿ.ಐ. ಮುಗಿಸಿದವರು, ಡಿಪ್ಲೊಮಾ ಮಾಡಿದವರು 1961ರ ಅಪ್ರೆಂಟಿಸ್ ಕಾಯಿದೆ ಪ್ರಕಾರ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ ಕಲಿಯುವ ಅವಕಾಶ ಉಂಟು. ಕಲಿಯುವಾಗಲೇ ಸ್ಟೈಪೆಂಡ್ ಕೊಡುತ್ತಾರೆ. 1964ರಲ್ಲಿ ಶುರುವಾದ ಬೆಮೆಲ್ ಕಾರ್ಖಾನೆ ನಮ್ಮ ಮಗ್ಗುಲಲ್ಲೇ ಇದೆ. ಅಪ್ರೆಂಟಿಸ್ ಆದ ಕೂಡಲೇ ಅಲ್ಲೇ ಕಾಯಂ ಆಗುತ್ತದೆ ಎಂದು ತಿಳಿಯಬೇಡಿ, ಆಗದೆಯೂ ಹೋಗಬಹುದು. ಆದರೆ ದೊಡ್ಡ ಕಾರ್ಖಾನೆಯ ಮೆಷಿನ್ ಮುಂದೆ ಒಂದು ವರ್ಷ ನಿಂತವನ ಕೈಯೇ ಬೇರೆ. ನರಸಾಪುರದಲ್ಲಿ 2013ರಿಂದ ಹೋಂಡಾದವರು ಗಾಡಿ ಮಾಡುತ್ತಿದ್ದಾರೆ, ವೇಮಗಲ್ ಕಡೆಯೂ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಕಾರ್ಖಾನೆ ಬಸ್ಸುಗಳು ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಗೂ ಬಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ನೀವೇ ನೋಡಿದ್ದೀರಿ.

ಹೋಗುವ ಮೊದಲು ಕಾಗದ ಓದಿ. ಕೆಲಸ ಕೊಡುವವರು ಕಂಪನಿಯವರೋ ಕಂಟ್ರಾಕ್ಟ್‌ದಾರರೋ? ಕೈಗೆ ಬರುವ ಸಂಬಳ ಎಷ್ಟು, ಹಿಡಿಯುವುದು ಎಷ್ಟು? ಪಿ.ಎಫ್. ನಂಬರು, ಇ.ಎಸ್.ಐ. ಕಾರ್ಡು ಕೊಡುತ್ತಾರೋ ಇಲ್ಲವೋ? ಕೇಳಲು ನಾಚಿಕೆ ಬೇಡ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ಗಲಾಟೆ ಪ್ರಪಂಚಕ್ಕೆಲ್ಲಾ ಸುದ್ದಿಯಾಯಿತು. ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬುದೇ ಮೂಲ. ಕಂಟ್ರಾಕ್ಟ್ ಏಜೆನ್ಸಿಗಳ ಮೂಲಕ ಸೇರಿದ್ದ ಮಕ್ಕಳೇ ಅಲ್ಲಿ ಹೆಚ್ಚು. ಒಡೆದದ್ದನ್ನು ನಾವು ಸರಿ ಎನ್ನುವುದಿಲ್ಲ. ಆದರೆ ಮಕ್ಕಳಿಗೆ ಸಂಬಳದ ಚೀಟಿ ಓದಲು ಕಲಿಸದ ನಮ್ಮ ವಿದ್ಯೆ ಎಂಥದ್ದು ಅಂತ ಅವತ್ತು ಅನ್ನಿಸಿತು. ಆ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಬಂದಿದೆ.

ಇನ್ನು ಸರ್ಕಾರಿ ಕೆಲಸ. ಇದರ ಬಗ್ಗೆ ಮಾತಾಡಿದರೆ ತಾಯಂದಿರಿಗೆ ಕೋಪ ಬರುತ್ತದೆ. ನಾವೇ ಸರ್ಕಾರದ ಸಂಬಳ ತಿಂದು, ಪೆನ್ಷನ್ ತಿನ್ನುತ್ತಾ ಬೇರೆಯವರಿಗೆ ಬೇಡ ಎಂದರೆ ಯಾರು ಕೇಳುತ್ತಾರೆ? ಬೇಡ ಎನ್ನುವುದಿಲ್ಲ. ಪರೀಕ್ಷೆ ಬರೆಯಿರಿ. ಆದರೆ ಅದನ್ನೇ ನಂಬಿ ಬೇರೆ ಎಲ್ಲಾ ಬಿಟ್ಟು ಕೂರಬೇಡಿ. ಹುದ್ದೆ ಕರೆಯುವುದಕ್ಕೆ ಎಷ್ಟೋ ಕಾಲ, ಪರೀಕ್ಷೆಗೆ ಎಷ್ಟೋ ಕಾಲ, ಆಮೇಲೆ ಕೋರ್ಟು, ತಡೆಯಾಜ್ಞೆ. ಅಷ್ಟರಲ್ಲಿ ವಯಸ್ಸು ನಿಲ್ಲುತ್ತದೆಯೇ? ಮನೆಯಲ್ಲಿ ಎಲ್ಲರೂ ಕೂತು "ಇಷ್ಟು ವರ್ಷ ಪ್ರಯತ್ನ ಮಾಡೋಣ, ಅಷ್ಟರೊಳಗೆ ಬೆಳಿಗ್ಗೆ ಹೊತ್ತು ಒಂದು ಕಸುಬು ಕಲಿಯೋಣ" ಎಂದು ಮೊದಲೇ ಮಾತಾಡಿಕೊಂಡರೆ ಆಮೇಲೆ ಜಗಳ ಇರುವುದಿಲ್ಲ.

ಈಗ ಒಂದು ವಿಷಯ ಹೇಳಬೇಕು. ಹೇಳಲು ನಮಗೆ ಸಂಕೋಚವಿದೆ. ಸಂಬಂಧಪಟ್ಟವರನ್ನು ಕೇಳಿ, "ಹೆಸರು ಹೇಳಬೇಡಿ ಮೇಷ್ಟ್ರೇ, ವಿಷಯ ಹೇಳಿ" ಎಂದು ಅವರು ಒಪ್ಪಿದ ಮೇಲೇ ಹೇಳುತ್ತಿದ್ದೇವೆ.

ನಾವು ಆಡಳಿತ ಮಂಡಳಿಯಲ್ಲಿದ್ದಾಗ ಸದಸ್ಯರೊಬ್ಬರು ಎರಡು ಸೀಮೆ ಹಸು ಕೊಳ್ಳಲು ಸಾಲ ಕೇಳಿದರು. ಅವರ ಕೊಟ್ಟಿಗೆ ನಮಗೆಲ್ಲಾ ಗೊತ್ತು. ಒಂದು ಹಸು ತಿರುಗಿದರೆ ಇನ್ನೊಂದಕ್ಕೆ ಜಾಗ ಇಲ್ಲ. ಹಸು ಎಲ್ಲಿ ಕಟ್ತೀಯಪ್ಪಾ ಎಂದು ಒಬ್ಬರಾದರೂ ಕೇಳಬೇಕಿತ್ತು. ಒಳ್ಳೆಯ ಮನುಷ್ಯ, ಹಾಲು ತಪ್ಪದೆ ಹಾಕುವವನು, ಯಾಕೆ ಕೇಳಿ ನೋಯಿಸುವುದು ಎಂದು ಸುಮ್ಮನಾದೆವು. ಸಹಿ ಹಾಕಿದೆವು. ಹಸು ಬರಲೇ ಇಲ್ಲ. ದುಡ್ಡು ಹೋದದ್ದು ಮಗನಿಗೆ ಕೆಲಸ ಕೊಡಿಸುತ್ತೇನೆ ಎಂದ ಒಬ್ಬ ದಳ್ಳಾಳಿಯ ಕೈಗೆ. ಅವನು ಸೀಲು, ಸಹಿ ಎಲ್ಲಾ ಇದ್ದ ನೇಮಕಾತಿ ಆದೇಶವನ್ನೇ ತಂದುಕೊಟ್ಟ. ತಂದೆ ಮನೆದೇವರಿಗೆ ಪೂಜೆ ಮಾಡಿಸಿ, ಹೊಸ ಷರ್ಟು ಹೊಲಿಸಿ ಮಗನನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಆಫೀಸಿನಲ್ಲಿ ಕಾಗದ ನೋಡಿದವರು "ಇದು ನಮ್ಮದಲ್ಲಪ್ಪಾ" ಅಂದರು. ಆ ಹುಡುಗ ಅವತ್ತಿನ ಸಾಯಂಕಾಲದ ರೈಲಿಗೆ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಮೂರನೇ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ. ಆ ಎರಡು ದಿನ ತಾಯಿ ಒಂದು ತೊಟ್ಟು ನೀರು ಕುಡಿಯಲಿಲ್ಲ.

ಆಮೇಲೆ ಏಳೆಂಟು ತಿಂಗಳು ಅವನು ಹಗಲು ಹೊತ್ತು ಹೊರಗೇ ಬರಲಿಲ್ಲ. ನಾವು ಎರಡು ಮೂರು ಸಲ ಹೋಗಿ ಬುದ್ಧಿ ಹೇಳಿದೆವು. ಅದರಿಂದ ಏನೂ ಆಗಲಿಲ್ಲ, ಇನ್ನೂ ಸ್ವಲ್ಪ ಒಳಕ್ಕೆ ಹೋದ. ಕೊನೆಗೆ ಅವನನ್ನು ಹೊರಕ್ಕೆ ತಂದದ್ದು ಅವನ ಸೋದರಮಾವ. ಆತ ಬುದ್ಧಿ ಹೇಳಲಿಲ್ಲ. "ಬೋರ್‌ವೆಲ್ ಮೋಟರು ಎತ್ತಬೇಕು, ಜನ ಇಲ್ಲ, ಬಾರೋ" ಎಂದು ತೋಟಕ್ಕೆ ಕರೆದುಕೊಂಡು ಹೋದರು. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಮೀರಿ ಇಳಿದಿರುವ ಬೋರ್‌ವೆಲ್ಲುಗಳು, ಸುಟ್ಟುಹೋಗುವ ಮೋಟರುಗಳು ಎಷ್ಟಿವೆ ನಿಮಗೆ ಗೊತ್ತಿದೆ. ಮೋಟರು ರಿಪೇರಿಗೆ ಕೊಡಲು ಹೋದವನು ಅಂಗಡಿಯಲ್ಲಿ ವೈಂಡಿಂಗ್ ಮಾಡುವುದನ್ನು ನೋಡುತ್ತಾ ನಿಂತ. ಮರುದಿನವೂ ಹೋದ. ವರ್ಷವೊಂದೂವರೆ ಕೂಲಿಗಿಂತ ಕಡಿಮೆ ದುಡ್ಡಿಗೆ ತಂತಿ ಸುತ್ತಿದ. ಇವತ್ತು ಅವನದೇ ಅಂಗಡಿ ಇದೆ, ಇಬ್ಬರು ಹುಡುಗರಿಗೆ ಕೆಲಸ ಕೊಟ್ಟಿದ್ದಾನೆ. ತಂದೆ ಆ ಬಾರದ ಹಸುಗಳ ಸಾಲವನ್ನು ಇದ್ದ ಹಸುವಿನ ಹಾಲಿನ ದುಡ್ಡಿನಿಂದ ವರ್ಷಗಟ್ಟಲೆ ತೀರಿಸಿದರು. ಹದಿನೈದು ದಿನದ ಬಟವಾಡೆಯಲ್ಲಿ ಕಂತು ಹಿಡಿಯುವಾಗ ಒಂದು ದಿನವೂ ಅವರು ಮುಖ ಗಂಟು ಹಾಕಲಿಲ್ಲ. ನಮಗೇ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ದುಡ್ಡು ಕೇಳುವವನು ಕೆಲಸ ಕೊಡುವವನಲ್ಲ. ಇಂಟರ್‌ವ್ಯೂಗೆ ಮೊದಲು "ಟ್ರೈನಿಂಗ್ ಚಾರ್ಜು", "ಸೆಕ್ಯುರಿಟಿ ಡಿಪಾಜಿಟ್" ಎಂದು ಫೋನಿನಲ್ಲಿ ಹಾಕಿಸಿಕೊಳ್ಳುವವರೂ ಈಗ ಇದ್ದಾರೆ. ಅವರೂ ಆ ದಳ್ಳಾಳಿಯ ತಮ್ಮಂದಿರೇ. ಹೀಗೆ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಮೋಸಕ್ಕಾಗಿಯೇ ಇರುವ ನಂಬರು.

ನಮ್ಮ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಒಬ್ಬ ಹುಡುಗ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಊರಿನ ಶಾಲೆಯಲ್ಲಿ ಸ್ವಲ್ಪ ಕಾಲ ಬದಲಿ ಮೇಷ್ಟ್ರಾದ. ಅದು ನಿಲ್ಲಲಿಲ್ಲ. ಇಲ್ಲೇ ನಮ್ಮ ಕೋಲಾರ ಚಿನ್ನದ ಗಣಿಗೆ ಬಂದು ಸೋಡಾ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡಿದ. ಅದೂ ಕೈಹತ್ತಲಿಲ್ಲ. ಬೆಂಗಳೂರಿಗೆ ಹೋಗಿ ಜಟಕಾ ಬಂಡಿಗೆ ಬಣ್ಣ ಹಚ್ಚುವ ಕಡೆ ಸೇರಿಕೊಂಡ. ಅಷ್ಟು ಸುತ್ತಿದ ಮೇಲೆ ಪತ್ರಿಕೆಯ ಕೆಲಸ ಸಿಕ್ಕಿತು. ಅವರೇ ಡಿ.ವಿ. ಗುಂಡಪ್ಪನವರು. 1943ರಲ್ಲಿ ಮಂಕುತಿಮ್ಮನ ಕಗ್ಗ ಕೊಟ್ಟರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, 1974ರಲ್ಲಿ ಪದ್ಮಭೂಷಣ ಬಂತು. ಸೋಡಾ ಫ್ಯಾಕ್ಟರಿಗೆ ಹೋದವರೆಲ್ಲಾ ಡಿ.ವಿ.ಜಿ. ಆಗುತ್ತಾರೆ ಎಂದು ನಾವು ಹೇಳಿದರೆ ನೀವು ನಗುತ್ತೀರಿ. ನಾವು ಹೇಳುವುದು ಅಷ್ಟಲ್ಲ. ಇಪ್ಪತ್ತು ವರ್ಷದ ಆಸುಪಾಸಿನಲ್ಲಿ ಆ ಹುಡುಗನನ್ನು ಬೀದಿಯಲ್ಲಿ ಕಂಡವರು "ಇವನು ಎಲ್ಲೂ ನಿಲ್ಲೋನಲ್ಲ ಬಿಡಿ" ಎಂದೇ ಅಂದಿರಬೇಕಲ್ಲವೇ? ನಮ್ಮ ಮನೆಯಲ್ಲಿ ಎರಡು ಕೆಲಸ ಬಿಟ್ಟು ಬಂದ ಮಗನನ್ನು ನಾವೂ ಹಾಗೆಯೇ ಅನ್ನುತ್ತೇವೆ.

ಕೆಲಸ ಹುಡುಕುವ ದಿನಗಳನ್ನು ಹೇಗೆ ಕಳೆಯಬೇಕು ಅನ್ನುವುದಕ್ಕೆ ನಮ್ಮ ಹತ್ತಿರ ಮಂತ್ರವಿಲ್ಲ. ಒಂದೆರಡು ಕಂಡದ್ದನ್ನು ಹೇಳುತ್ತೇವೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಎದ್ದು ಡೈರಿಗೆ ಕ್ಯಾನು ತರುವ ಹುಡುಗ ಬೇಗ ಕುಗ್ಗುವುದಿಲ್ಲ. ಹನ್ನೊಂದು ಗಂಟೆಯವರೆಗೆ ಹೊದ್ದು ಮಲಗಿ ಫೋನು ನೋಡುವವನು ಕುಗ್ಗುತ್ತಾನೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲಿಗೆ ಅರ್ಜಿ ಹಾಕಿದೆ, ಯಾವ ತಾರೀಕು, ಏನು ಉತ್ತರ ಬಂತು ಎಂದು ಬರೆಯಿರಿ. "ಎಷ್ಟೋ ಕಡೆ ಹಾಕಿದೆ ಸಾರ್, ಎಲ್ಲೂ ಬರಲಿಲ್ಲ" ಎಂದ ಹುಡುಗನೊಬ್ಬನಿಗೆ ಹೀಗೆ ಬರೆಸಿದಾಗ ಆರು ತಿಂಗಳಲ್ಲಿ ಹಾಕಿದ್ದು ಏಳೇ ಕಡೆ ಎಂದು ಅವನಿಗೇ ಗೊತ್ತಾಯಿತು. ಇಂಟರ್‌ವ್ಯೂಗೆ ಇಬ್ಬರು ಜೊತೆಯಾಗಿ ಹೋಗಿ. ಬರುವಾಗ ರೈಲಿನಲ್ಲಿ ಏನು ಕೇಳಿದರು, ಏನು ಹೇಳಿದೆ ಎಂದು ಮಾತಾಡಿಕೊಂಡು ಬನ್ನಿ. ಇಂಗ್ಲಿಷ್ ಬರುವುದಿಲ್ಲ ಎಂದು ಹೆದರುವ ನಮ್ಮ ಮಕ್ಕಳು ಒಂದು ಮರೆಯುತ್ತಾರೆ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಕೆ.ಜಿ.ಎಫ್. ಸಂತೆಯಲ್ಲಿ ತಮಿಳು. ಮೂರು ಭಾಷೆಯಲ್ಲಿ ಚೌಕಾಸಿ ಮಾಡಲು ಬರುವ ನಾಲಿಗೆಗೆ ನಾಲ್ಕನೆಯದು ಎಷ್ಟು ಕಷ್ಟ?

ಸರ್ಕಾರ 2023ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದ ಮಿತಿ ಎಂದು ಇಟ್ಟರು. ಅದನ್ನು ಪಡೆದರೆ ಅರ್ಜಿ, ಬಸ್ ಚಾರ್ಜಿಗೆ ಇಟ್ಟುಕೊಳ್ಳಿ. ಇಲ್ಲೇ ಇದ್ದು ದುಡಿಯುವವರನ್ನೂ ಕೆಲಸ ಇಲ್ಲದವರ ಲೆಕ್ಕಕ್ಕೆ ಸೇರಿಸಬೇಡಿ. ರೇಷ್ಮೆ, ಟೊಮೆಟೊ, ಹಾಲು ಇವು ಮೂರೂ ಲೆಕ್ಕ ಗೊತ್ತಿದ್ದವನಿಗೆ ಉದ್ಯೋಗ, ಗೊತ್ತಿಲ್ಲದವನಿಗೆ ಜೂಜು. ಟೊಮೆಟೊ ಅಂತೂ ಗೊತ್ತಿದ್ದವನಿಗೂ ಅರ್ಧ ಜೂಜೇ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾದ ಮೇಲೆ, ಅದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕಿನವರು ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತಿದ್ದಾರೆ. ತರಬೇತಿ, ಊಟ, ವಸತಿ ಉಚಿತ. ನಮ್ಮ ಸದಸ್ಯರ ಮಕ್ಕಳು ಎಷ್ಟು ಜನ ಹೋಗಿದ್ದಾರೆ ಎಂದು ಬೆರಳು ಮಡಿಸಿದರೆ ಒಂದು ಕೈ ಸಾಕು.

ತಾಯಿ ತಂದೆಗಳಿಗೆ ಒಂದು ಮಾತು. ದಿನಾ ಕೇಳಬೇಡಿ. ಕೆಲಸ ಆದರೆ ಅವನೇ ಓಡಿ ಬಂದು ಹೇಳುತ್ತಾನೆ. ಮೊದಲು ಊಟ ಮಾಡಿದೆಯಾ ಕೇಳಿ. ಹೆಣ್ಣುಮಗು ಕೆಲಸ ಹುಡುಕುತ್ತಿದ್ದರೆ "ಮದುವೆ ಆಗೋವರೆಗೆ ತಾನೇ" ಎಂಬ ಮಾತು ಬೇಡ. ಎಷ್ಟೋ ಮನೆಗಳ ಗಂಜಿ ಈಗ ಅವಳ ಸಂಬಳದಲ್ಲೇ ಬೇಯುತ್ತಿದೆ. ಮಗ ಯಾರ ಹತ್ತಿರವೂ ಮಾತಾಡುತ್ತಿಲ್ಲ, ರಾತ್ರಿ ನಿದ್ದೆ ಮಾಡುತ್ತಿಲ್ಲ, ಬದುಕಿ ಏನು ಪ್ರಯೋಜನ ಎನ್ನುತ್ತಿದ್ದಾನೆ ಅಂದರೆ ಅದನ್ನು ಸೋಮಾರಿತನ ಎಂದು ಬೈಯಬೇಡಿ, ಯಂತ್ರ ಕಟ್ಟಿಸಿ ಸುಮ್ಮನಾಗಬೇಡಿ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಎಂದು 14416 ನಂಬರು 2022ರಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ ಆ ಹುಡುಗನ ಕಾಲದಲ್ಲಿ ನಮಗೆ ಇಂಥದ್ದೊಂದು ಗೊತ್ತಿರಲಿಲ್ಲ. ಆ ಎರಡು ರಾತ್ರಿ ಅವನು ಎಲ್ಲಿದ್ದ ಎಂದು ನಾವು ಇವತ್ತಿನವರೆಗೂ ಕೇಳಿಲ್ಲ.

ಅಧ್ಯಕ್ಷರ ಹತ್ತಿರ ಎರಡು ಬೇಡಿಕೆ ಇಟ್ಟಿದ್ದೆವು, ಎರಡಕ್ಕೂ ಒಪ್ಪಿದ್ದಾರೆ. ಹಾಲು ಅಳೆಯುವ ಕಿಟಕಿಯ ಪಕ್ಕದ ಗೋಡೆಗೆ ಒಂದು ಹಲಗೆ ಬರುತ್ತದೆ. ಪೇಪರಿನಲ್ಲಿ ಬಂದ ಕೆಲಸದ ಜಾಹೀರಾತು, ಅಪ್ರೆಂಟಿಸ್ ಪ್ರಕಟಣೆ, ಅರ್ಜಿಯ ಕೊನೆ ತಾರೀಕು ಅದರಲ್ಲಿ ಬರೆಯುತ್ತೇವೆ. ಬರೆಯುವ ಕೆಲಸ ನಮ್ಮದು, ಅಕ್ಷರ ಇನ್ನೂ ನೆಟ್ಟಗಿದೆ. ಎರಡನೆಯದು, ಹಸು ಸಾಲಕ್ಕೆ ಅರ್ಜಿ ಬಂದರೆ ಆಡಳಿತ ಮಂಡಳಿಯ ಇಬ್ಬರು ಹೋಗಿ ಕೊಟ್ಟಿಗೆ ನೋಡಿ ಬರಬೇಕು. ಇದರಿಂದ ಯಾರೂ ಬೇಸರ ಪಟ್ಟುಕೊಳ್ಳಬಾರದು.

ಭಾನುವಾರ ಸಾಯಂಕಾಲ ಹಾಲು ಮುಗಿದ ಮೇಲೆ ನಾವು ಸಂಘದ ಜಗುಲಿಯಲ್ಲಿ ಇರುತ್ತೇವೆ. ಅರ್ಜಿ ತುಂಬಬೇಕಾದವರು ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ತನ್ನಿ, ನೋಟ್‌ಬುಕ್ ತನ್ನಿ. ನಮ್ಮ ಮೋಟರು ಅಂಗಡಿಯ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಅವನಿಗೆ ಇನ್ನೊಬ್ಬ ಕೆಲಸಗಾರ ಬೇಕಂತೆ. ಕಾರ್ಯದರ್ಶಿಗಳು ಕಾಫಿ ಬಂತು ಎಂದು ಸನ್ನೆ ಮಾಡುತ್ತಿದ್ದಾರೆ.